ಅಂಕಿ ಆ್ಯಪ್: ಓದಿದ್ದು ಮರೆಯುವವರಿಗೆ

ಹೆಸರು ಕೇಳಿ ಲೆಕ್ಕದ ಆ್ಯಪ್ ಅಂದುಕೊಂಡಿದ್ದೆ. ಜಪಾನಿ ಭಾಷೆಯಲ್ಲಿ ಅಂಕಿ ಅಂದರೆ ಬಾಯಿಪಾಠವಂತೆ! ಎಫ್‌ಡಿಎ (ಸರ್ಕಾರಿ ಪ್ರಥಮ ದರ್ಜೆ ಸಹಾಯಕ) ಪರೀಕ್ಷೆಗೆ ಓದುವಾಗ ದಿನಾ ಮೂರು ಗಂಟೆ ಅದೇ ನೋಟ್ಸ್ ತಿರುವಿ ಹಾಕುತ್ತಿದ್ದೆ, ಮಾರನೇ ದಿನ ಕೇಳಿದರೆ ಅರ್ಧ ನೆನಪೇ ಇರುತ್ತಿರಲಿಲ್ಲ. ಈಗ ನಲವತ್ತು ನಿಮಿಷ ಸಾಕು, ಅದೂ ಬಸ್ಸಿನಲ್ಲಿ.

ಕೆಲಸ ಸರಳ. ಆ್ಯಪ್‌ನಲ್ಲಿ ಪ್ರಶ್ನೋತ್ತರದ ಕಾರ್ಡು ಮಾಡಿಕೊಳ್ಳಬೇಕು: ಕಾರ್ಡಿನ ಒಂದು ಕಡೆ 'ಕದಂಬರ ರಾಜಧಾನಿ?' ಅಂತ ಬರೆಯಬೇಕು, ಇನ್ನೊಂದು ಕಡೆ 'ಬನವಾಸಿ'. ಉತ್ತರವನ್ನು ಮೊದಲು ತಲೆಯಲ್ಲೇ ಹುಡುಕಿ ಆಮೇಲೆ ತಿರುಗಿಸಿ ನೋಡಬೇಕು, ಸುಮ್ನೆ ಓದುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸವೇ ಅದು. ಸುಲಭವಾಗಿ ನೆನಪಾದ ಕಾರ್ಡು ಕೆಲವು ದಿನ ಬಿಟ್ಟು, ಆಮೇಲೆ ವಾರಗಳು, ತಿಂಗಳುಗಳು ಬಿಟ್ಟು ಬರುತ್ತದೆ. ತಪ್ಪಿದ್ದು ಮಾತ್ರ ಬೆನ್ನು ಬಿಡುವುದಿಲ್ಲ.

ನನ್ನ ದಡ್ಡತನವನ್ನೂ ಹೇಳಿಬಿಡುತ್ತೇನೆ. ಮೊದಲ ವಾರವೇ ಆಸೆಗೆ ಬಿದ್ದು ದಿನಕ್ಕೆ ನೂರು ಹೊಸ ಕಾರ್ಡು ಹಾಕಿಕೊಂಡೆ, ಹತ್ತನೇ ದಿನಕ್ಕೆ ಬಾಕಿ ಬೆಟ್ಟದಷ್ಟಾಗಿ ಆ್ಯಪ್ ತೆರೆಯಲೇ ಹೆದರಿಕೆ. ಹದಿನೈದಿಪ್ಪತ್ತು ಸಾಕು. ಅರ್ಥವಾಗದ ಪಾಠವನ್ನು ಇದಕ್ಕೆ ತುಂಬಬೇಡಿ, ಲೆಕ್ಕಕ್ಕಂತೂ ಪೆನ್ನು ಹಿಡಿಯಲೇಬೇಕು ಅಲ್ವಾ.

ನೋಡಲು ಸಪ್ಪೆ. ಕಂಪ್ಯೂಟರ್‌ನಲ್ಲಿ ಉಚಿತ, ಆಂಡ್ರಾಯ್ಡ್‌ಗೆ ಅಂಕಿಡ್ರಾಯ್ಡ್ ಅಂತ ಇದೆ, ಅದೂ ಉಚಿತ. ಐಫೋನ್‌ನವರು ಮಾತ್ರ ದುಡ್ಡು ಕೊಡಬೇಕು.