ಯಿವು ವಿಮಾನ ನಿಲ್ದಾಣ: ಮಾಲು ತರಾಕ ಹೋಗವ್ರಿಗೆ

ಹುಬ್ಬಳ್ಳಿ ದುರ್ಗದಬೈಲಿನ್ಯಾಗ ನಂದು ಫ್ಯಾನ್ಸಿ ಸ್ಟೋರ್. ಹೇರ್‌ಕ್ಲಿಪ್, ಕೀಚೈನ್ ಎಲ್ಲಾ ಚೀನಾದ ಯಿವು ಮಾರ್ಕೆಟ್ಟಿನ ಮಾಲು. ಗ್ವಾಂಗ್‌ಝೌದಿಂದ ಸುಮಾರು ಎರಡು ತಾಸಿನ ವಿಮಾನ. ಇಳಿಯೂ ಮುಂದ ಕಿಟಕಿ ಪರದಿ ಎಳಕೋರಿ ಅಂತಾರ. 1970ರಾಗ ಮಿಲಿಟರಿಗಂತ ಕಟ್ಟಿದ ನಿಲ್ದಾಣ ಅದು, ಈಗೂ ಮಿಲಿಟರಿ ವಿಮಾನಕ್ಕೂ ಮಂದಿ ವಿಮಾನಕ್ಕೂ ಒಂದ ರನ್‌ವೇ. 1982ರಾಗ ಊರಾಗ ಸಣ್ಣ ಸಾಮಾನಿನ ಸಂತಿ ಕುದುರಿತು, ವ್ಯಾಪಾರಸ್ಥರ ಓಡಾಟ ಹೆಚ್ಚಾತು, 1991ಕ್ಕ ಮಂದಿ ವಿಮಾನ ಸುರು. ಸಂತಿಯವ್ರ ಕಾಲಾಗ ಬೆಳೆದ ನಿಲ್ದಾಣ ನೋಡ್ರಿ, ನಮಗ ಸೇರೂದು ಅದಕ್ಕ. ಊರು ಹತ್ರನ, ಟ್ಯಾಕ್ಸಿ ಖರ್ಚು ಭಾಳ ಇಲ್ಲ. ಸಾಲಿನ್ಯಾಗ ಅರಬರು, ಆಫ್ರಿಕಾದವ್ರು, ಎಲ್ಲಾರ ಕೈಯಾಗೂ ಸ್ಯಾಂಪಲ್ ಚೀಲ. ಈ ನಿಲ್ದಾಣಕ್ಕ ನಾ ಐದಕ್ಕ ನಾಲ್ಕು ಮಾರ್ಕು ಕೊಡ್ತೇನಿ. ಒಂದ ಮಾತು, ವಿಮಾನದಾಗ ಸ್ಯಾಂಪಲ್ ಅಷ್ಟ ತರ್ರಿ. ಪೆಟ್ಟಿಗಿ ನಿಂಗ್ಬೋ ಬಂದರಿನಿಂದ ಹಡಗಿಗೆ ಹಾಕ್ರಿ.