ಗಿಟಾರ್ ಬದಿಗಿಟ್ಟು ಡಿಸ್ಕೋ ಹಿಡಿದ ಸ್ಪಾರ್ಕ್ಸ್: ‘ನಂಬರ್ ಒನ್ ಇನ್ ಹೆವನ್’

ಹೆಸರು ಮಂಕಾದ ತಂಡವೊಂದು ಮಾರುಕಟ್ಟೆಯಲ್ಲಿ ಓಡುತ್ತಿರುವ ಧಾಟಿಗೆ ಹೊರಳಿದಾಗ ಹಳೆಯ ಅಭಿಮಾನಿಗಳು ಮುಖ ಸಿಂಡರಿಸುವುದು ಇದ್ದದ್ದೇ. ಲಾಸ್ ಏಂಜಲೀಸ್‌ನ ಸಹೋದರರಾದ ರಾನ್ ಮೇಲ್ ಮತ್ತು ರಸೆಲ್ ಮೇಲ್ ಅವರ ಸ್ಪಾರ್ಕ್ಸ್ ತಂಡ 1979ರ ಮಾರ್ಚ್‌ನಲ್ಲಿ ಹೊರತಂದ ‘ನಂಬರ್ ಒನ್ ಇನ್ ಹೆವನ್’ ಆಲ್ಬಂ ಅಂಥದೊಂದು ಹೊರಳುವಿಕೆಯ ಫಲ. ಇದರ ಎಲ್‌ಪಿ ರೆಕಾರ್ಡನ್ನು ಮಡಿಕೇರಿಯ ಅಂಗಡಿಗಳಲ್ಲಿ ಹುಡುಕುವುದು ವ್ಯರ್ಥ. ಮೊಬೈಲ್ ಆ್ಯಪ್‌ಗಳಲ್ಲಿ ಕೇಳಬಹುದು. ಕೇವಲ 6 ಹಾಡುಗಳು, ಅರ್ಧ ಗಂಟೆಗಿಂತ ತುಸು ಹೆಚ್ಚು ಅವಧಿ. ಹಣದಾಸೆಗೆ ಮಾಡಿದ ಕೆಲಸ ಎಂದು ಇದನ್ನು ತಳ್ಳಿಹಾಕುವವರ ಜೊತೆ ನನಗೆ ಸಹಮತವಿಲ್ಲ.

1974ರಲ್ಲಿ ಗಿಟಾರಿನ ಅಬ್ಬರ ಮತ್ತು ರಸೆಲ್ ಅವರ ಕೀರಲು ಎನ್ನಿಸುವಷ್ಟು ಎತ್ತರದ ದನಿಯ ಹಾಡಿನಿಂದ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 2ನೇ ಸ್ಥಾನಕ್ಕೇರಿದ್ದ ಈ ತಂಡ, 1977ರ ಹೊತ್ತಿಗೆ ಬಾಡಿಗೆ ವಾದಕರನ್ನು ಕೂರಿಸಿಕೊಂಡು ಮಾಡಿದ ಆಲ್ಬಂ ನೆಲಕಚ್ಚಿದ ಮೇಲೆ ಅಣ್ಣ ತಮ್ಮ ಇಬ್ಬರೇ ಉಳಿದ ತಂಡವಾಗಿತ್ತು. ಅದೇ 1977ರಲ್ಲಿ, ಮ್ಯೂನಿಕ್‌ನಲ್ಲಿ ಕೆಲಸ ಮಾಡುತ್ತಿದ್ದ ಇಟಲಿ ಮೂಲದ ನಿರ್ಮಾಪಕ ಜಾರ್ಜಿಯೋ ಮೊರೋಡರ್, ಗಾಯಕಿ ಡೋನಾ ಸಮ್ಮರ್ ಅವರ ‘ಐ ಫೀಲ್ ಲವ್’ ಹಾಡನ್ನು ಬಹುಪಾಲು ಮೂಗ್ ಸಿಂಥಸೈಜರ್ (ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ವಾದ್ಯ) ಒಂದರಿಂದಲೇ ಕಟ್ಟಿ ಡಿಸ್ಕೋ ಸಂಗೀತದ ದಿಕ್ಕನ್ನೇ ಬದಲಿಸಿದ್ದರು. ಮೇಲ್ ಸಹೋದರರು ಹೋದದ್ದು ಈ ಮೊರೋಡರ್ ಬಳಿಗೆ. ಒಬ್ಬ ಗಾಯಕಿಯ ಹಿಂದೆ ಯಂತ್ರವನ್ನಿಡುವುದು ಬೇರೆ, ರಾಕ್ ತಂಡವೊಂದರ ಮೈಯನ್ನೇ ಕಳಚಿ ಅಲ್ಲಿ ಯಂತ್ರವನ್ನು ಕೂರಿಸುವುದು ಬೇರೆ. ಎರಡನೆಯದನ್ನು ಆಗಿನ್ನೂ ಹೆಚ್ಚು ಮಂದಿ ಮಾಡಿರಲಿಲ್ಲ.

ಆಲ್ಬಂನ ತಿರುಳು ಇರುವುದು ಕೊನೆಯ ಹಾಡಿನಲ್ಲಿ. ಸ್ವರ್ಗದಲ್ಲಿ ಮೊದಲ ಸ್ಥಾನದಲ್ಲಿರುವ ಹಾಡು ಇದು, ಬರೆದವನು ಸಾಕ್ಷಾತ್ ಮೇಲಿನವನೇ ಎಂದು ಹಾಡೇ ತನ್ನನ್ನು ಹೊಗಳಿಕೊಳ್ಳುತ್ತದೆ. ಏಳು ನಿಮಿಷ ಮೀರುವ ಈ ಹಾಡಿನ ಮೊದಲ ಭಾಗ ಅವಸರವೇ ಇಲ್ಲದೆ ಸಾಗುತ್ತದೆ: ಸಿಂಥಸೈಜರಿನ ಸ್ವರಗಳು ಒಂದರ ಮೇಲೊಂದು ಹರಡಿಕೊಳ್ಳುತ್ತವೆ, ರಸೆಲ್ ಅವರ ದನಿ ಮೇಲೆ ಮೇಲೆ ತೇಲುತ್ತಿರುತ್ತದೆ. ಇದು ಹೀಗೆಯೇ ಮುಗಿಯಬಹುದು ಎಂದು ಕೇಳುಗ ಅಂದುಕೊಳ್ಳುವ ಹೊತ್ತಿಗೆ ಲಯ ಬದಲಾಗಿ, ಅದೇ ಹಾಡು ಇಮ್ಮಡಿ ಹುರುಪಿನಲ್ಲಿ ಓಡತೊಡಗುತ್ತದೆ. ಆ ತಿರುವಿನಲ್ಲಿ ಬಾಸ್ ಸ್ವರಗಳು ಬಿಡುವಿಲ್ಲದೆ ಒಂದನ್ನೊಂದು ಅಟ್ಟಿಸಿಕೊಂಡು ಬರುವುದನ್ನು ಇಯರ್‌ಫೋನ್ ಹಾಕಿಕೊಂಡೇ ಕೇಳಬೇಕು. ಮೊಬೈಲಿನ ಸ್ಪೀಕರಿನಲ್ಲಿ ಕೇಳಿದರೆ ಹಾಡಿನ ಅರ್ಧ ಜೀವ ಹೋದಂತೆ.

ಕೊಡಗಿನವರಿಗೆ ಕುಣಿತದ ವಿಷಯದಲ್ಲಿ ಪಾಠ ಹೇಳಬೇಕಾಗಿಲ್ಲ. ಮದುವೆ ಮನೆಯಲ್ಲಿ ವಾಲಗದವರು ಕುಣಿಯುವವರ ಕಾಲು ನೋಡಿಕೊಂಡು ಗತಿ ಏರಿಸುತ್ತಾರೆ, ಇಳಿಸುತ್ತಾರೆ. ಅಲ್ಲಿ ಬಾರಿಸುವವನಿಗೂ ಕುಣಿಯುವವನಿಗೂ ನಡುವೆ ಮಾತಿಲ್ಲದ ಒಪ್ಪಂದವಿದೆ. ಸ್ವರಗಳನ್ನು ಮೊದಲೇ ಗೊತ್ತುಮಾಡಿದ ಗತಿಯಲ್ಲಿ ತಾನಾಗಿ ನುಡಿಸುವ ಸೀಕ್ವೆನ್ಸರ್ ಯಂತ್ರ ಯಾರ ಕಾಲನ್ನೂ ನೋಡುವುದಿಲ್ಲ. ಯಂತ್ರದ ಸಂಗೀತದ ಮೇಲೆ ನಮ್ಮಲ್ಲಿ ಅನೇಕರಿಗಿರುವ ತಕರಾರೂ ಇದೇ, ಮತ್ತು ಅದು ನ್ಯಾಯವಾದದ್ದು. ಆದರೆ ಈ ಆಲ್ಬಂನಲ್ಲಿ ಡ್ರಮ್ಸ್ ಬಾರಿಸಿದವರು ಕೀತ್ ಫೋರ್ಸಿ ಎಂಬ ಮನುಷ್ಯ. ‘ಐ ಫೀಲ್ ಲವ್’ ಹಾಡಿನ ಕಿಕ್ ಡ್ರಮ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಕೂಡ ಅವರದೇ. ಯಂತ್ರದ ಕಟ್ಟುನಿಟ್ಟಿನ ತಾಳಕ್ಕೆ ಅವರು ಹೆಜ್ಜೆ ತಪ್ಪದೆ ಬಾರಿಸುತ್ತಲೇ ನಡುನಡುವೆ ಹಾಕುವ ಉರುಳಿಕೆಗಳಿಂದಾಗಿ ಹಾಡುಗಳಿಗೆ ಬೆವರಿನ ವಾಸನೆ ಬಂದಿದೆ. ಮಡಿಕೇರಿ ದಸರೆಯ ರಾತ್ರಿ ದಶಮಂಟಪಗಳ ಮುಂದೆ ಎದೆ ನಡುಗಿಸುವ ಧ್ವನಿವರ್ಧಕಗಳಲ್ಲಿ ಕೇಳಿಬರುವ ಎಲೆಕ್ಟ್ರಾನಿಕ್ ತಾಳದ ಬೇರುಗಳು ಇಂಥ ಧ್ವನಿಮುದ್ರಣಗಳಲ್ಲೇ ಇವೆ. ವ್ಯತ್ಯಾಸವೆಂದರೆ ಇಲ್ಲಿ ಸದ್ದಿನ ಪ್ರಮಾಣಕ್ಕಿಂತ ಅದರ ಜೋಡಣೆಗೆ ಬೆಲೆ.

ಸಾಹಿತ್ಯವನ್ನು ತಂಡ ಮಾರಿಕೊಂಡಿಲ್ಲ ಎಂಬುದೇ ನನ್ನ ಮೆಚ್ಚುಗೆಗೆ ಮುಖ್ಯ ಕಾರಣ. ಡಿಸ್ಕೋ ಹಾಡೆಂದರೆ ಕುಣಿ, ಪ್ರೀತಿಸು ಎಂಬುದರಾಚೆ ಹೋಗದಿದ್ದ ಕಾಲದಲ್ಲಿ, ಮೊದಲ ಹಾಡನ್ನು ಹುಟ್ಟುವ ಅವಕಾಶಕ್ಕಾಗಿ ಪೈಪೋಟಿ ನಡೆಸುವ ವೀರ್ಯಾಣುಗಳ ಬಾಯಿಂದ ಹಾಡಿಸಲಾಗಿದೆ. ‘ಬೀಟ್ ದ ಕ್ಲಾಕ್’ ಹಾಡಿನ ನಾಯಕ ಎರಡನೇ ವಯಸ್ಸಿಗೆ ಶಾಲೆಗೆ ಸೇರಿ ಅದೇ ಮಧ್ಯಾಹ್ನ ಡಾಕ್ಟರೇಟ್ ಮುಗಿಸುವಷ್ಟು ಅವಸರದವನು. ಇಂಥವನ ಕಥೆಗೆ ನಿಲ್ಲದೆ ಓಡುವ ಯಂತ್ರದ ತಾಳಕ್ಕಿಂತ ಒಪ್ಪುವ ಹಿಮ್ಮೇಳ ಬೇರೆ ಯಾವುದಿದ್ದೀತು? (ಮಕ್ಕಳನ್ನು ಮೂರನೇ ವಯಸ್ಸಿಗೇ ಟ್ಯೂಷನ್‌ಗೆ ಅಟ್ಟುವ ತಂದೆತಾಯಿಗಳು ಒಮ್ಮೆ ಕೇಳಬಹುದು.) ಹೊಸ ಧಾಟಿಯನ್ನು ಬಟ್ಟೆಯ ಹಾಗೆ ಮೇಲೆ ಹೊದ್ದುಕೊಳ್ಳದೆ, ಅದು ಏನನ್ನು ಹೇಳಬಲ್ಲದು ಎಂದು ಯೋಚಿಸಿದ್ದಾರೆ.

ಎಲ್ಲ ಹಾಡುಗಳೂ ಈ ಮಟ್ಟದಲ್ಲಿಲ್ಲ. ‘ಅಕಾಡೆಮಿ ಅವಾರ್ಡ್ ಪರ್ಫಾರ್ಮೆನ್ಸ್’ ಮತ್ತು ‘ಲಾ ಡೋಲ್ಚೆ ವೀಟಾ’ ಎರಡರಲ್ಲೂ ಮೊದಲ ನಿಮಿಷದಲ್ಲಿ ಇದ್ದದ್ದೇ ಕೊನೆಯವರೆಗೂ ಇದೆ. ರಸೆಲ್ ಅವರ ದನಿ ಒಂದೇ ಎತ್ತರದಲ್ಲಿ ನಿಂತುಬಿಡುವ ಕಡೆ ಕಿವಿ ದಣಿಯುತ್ತದೆ. ಗಿಟಾರ್ ಇದ್ದಾಗ ಆ ದನಿಗೆ ಎದುರಾಳಿ ಇತ್ತು, ಇಲ್ಲಿ ಇಲ್ಲ.

ವ್ಯಾಪಾರದ ಲೆಕ್ಕ ಬ್ರಿಟನ್ನಿನಲ್ಲಿ ಫಲಿಸಿತು: ಸ್ವರ್ಗದ ಹಾಡು ಅಲ್ಲಿ 14ನೇ ಸ್ಥಾನಕ್ಕೂ ‘ಬೀಟ್ ದ ಕ್ಲಾಕ್’ 10ನೇ ಸ್ಥಾನಕ್ಕೂ ಏರಿದವು. ತಾಯ್ನಾಡಾದ ಅಮೆರಿಕದಲ್ಲಿ ಆಲ್ಬಂ ಓಡಲಿಲ್ಲ. 1979ರ ಜುಲೈ 12ರಂದು ಶಿಕಾಗೋದ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೋ ರೆಕಾರ್ಡುಗಳನ್ನು ರಾಶಿ ಹಾಕಿ ಸ್ಫೋಟಿಸುವಷ್ಟು ಅಲ್ಲಿ ಆ ಸಂಗೀತದ ಮೇಲೆ ಸಿಟ್ಟು ಬೆಳೆದಿತ್ತು. 1980ರ ‘ಟರ್ಮಿನಲ್ ಜೈವ್’ ಆಲ್ಬಂನಲ್ಲಿ ತಂಡ ರೇಡಿಯೋಗೆ ಒಗ್ಗುವ ಚಿಕ್ಕ ಹಾಡುಗಳತ್ತ ವಾಲಿತು. ಮಾರುಕಟ್ಟೆಗೆ ಬಾಗಿದರು ಎಂಬ ದೂರು ಅದಕ್ಕೆ ಹೆಚ್ಚು ಸಲ್ಲುತ್ತದೆ.

ಗೋಣಿಕೊಪ್ಪ, ವಿರಾಜಪೇಟೆಯ ಕಲ್ಯಾಣ ಮಂಟಪಗಳಲ್ಲಿ ವಾಲಗ ಮುಗಿದ ಮೇಲೆ ಡಿಜೆಗೆ ಹಾಡಿನ ಪಟ್ಟಿ ಕೊಡುವವರು ‘ಬೀಟ್ ದ ಕ್ಲಾಕ್’ ಅನ್ನು ಧೈರ್ಯವಾಗಿ ಸೇರಿಸಬಹುದು. ಸ್ವರ್ಗದ ಹಾಡನ್ನು ಸೇರಿಸುವುದಾದರೆ ನಿಧಾನದ ಮೊದಲ ಭಾಗವನ್ನು ಕತ್ತರಿಸಬಾರದೆಂದು ಆತನಿಗೆ ಮೊದಲೇ ಹೇಳಿರಬೇಕು.