ಟಿಪ್ಪು ಕಾಲದ ಶಿಕಾರಿ ಕೋವಿ ಅಂತ ಯಾರಾದರೂ ತೋರಿಸಿದರೆ ದುಡ್ಡು ಬಿಚ್ಚಬೇಡಿ

ಇದನ್ನು ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತೇನೆ. ಆ ಮನುಷ್ಯ ಇನ್ನೂ ಮಾರುತ್ತಲೇ ಇದ್ದಾನೆ.

ಹಳೇ ಸಾಮಾನು ಮಾರುವವನು. ಶ್ರೀರಂಗಪಟ್ಟಣದಲ್ಲೇ ಮಾಡಿದ ಬೇಟೆ ಕೋವಿ ಅಂದ. ನಳಿಗೆ ಮೇಲೆ ಚಿನ್ನದ ಬಳ್ಳಿ, ಹುಲಿ ಪಟ್ಟೆ, ಕೋವಿಯ ಕುದುರೆ (ಬಡಿದು ಕಿಡಿ ಹಾರಿಸುವ ಭಾಗ) ಇರುವ ಕಡೆ ಹುಲಿ ತಲೆ, ಹಿಡಿಗೆ ಬೆಳ್ಳಿ ಕಟ್ಟು. ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಟಿಪ್ಪುವಿನ ಅಸಲಿ ಕೋವಿಗಳಲ್ಲೂ ಇದೇ ಹುಲಿ ಕೆಲಸ ಇರುತ್ತದೆ. 1799ರಲ್ಲಿ ಕೋಟೆ ಬಿದ್ದ ಮೇಲೆ ಎಷ್ಟೋ ಕೋವಿಗಳು ಇಂಗ್ಲೆಂಡಿಗೆ ಹೋದವು. 2015ರಲ್ಲಿ ಲಂಡನ್ ಹರಾಜಿನಲ್ಲಿ ಟಿಪ್ಪುವಿನ ಆಯುಧಗಳಿಗೆ ಒಟ್ಟು 60 ಲಕ್ಷ ಪೌಂಡ್ ಬಂತಲ್ವಾ, ಅದನ್ನೂ ಅವನೇ ಮೊಬೈಲಲ್ಲಿ ತೋರಿಸಿದ. "ಇಲ್ಲಿ ಹೇಗೆ ಉಳೀತು?" ಅಂತ ಕೇಳಿದೆ. "2018ರಲ್ಲಿ ಹೊಸನಗರದ ಕಡೆ ಬಾವಿಯಲ್ಲಿ ಸಾವಿರ ರಾಕೆಟ್ ಸಿಗಲಿಲ್ವಾ ಸಾರ್? ಇದೂ ಹಂಗೇ" ಅಂದ. ಈ ಮಾತಿಗೆ ಎದುರು ಏನು ಹೇಳುತ್ತೀರಿ?

ಮನೆಗೆ ತಂದು ಒರೆಸುವಾಗ ಬಳ್ಳಿಯ ತುದಿ ಉಗುರಿಗೇ ಎದ್ದು ಬಂತು. ಉಗುರಿಗೆ! ಅಸಲಿ ಚಿನ್ನದ ಕೆಲಸ ಹಾಗೆ ಬರಲ್ಲ. ಉಕ್ಕಿನ ಮೇಲೆ ಅಡ್ಡಡ್ಡ ಸಣ್ಣ ಗೀರು ಹಾಕಿ, ಆ ಗೀರುಗಳ ಮೇಲೆ ಚಿನ್ನದ ತಂತಿ ಇಟ್ಟು ಬಡಿದು ಕೂರಿಸುತ್ತಾರೆ. ಕೋಫ್ತಗರಿ ಅನ್ನುವುದು ಅದನ್ನೇ. ಚಿನ್ನ ಸವೆದು ಹೋದ ಕಡೆಯೂ ಗೀರು ಕಾಣಬೇಕು. ನನ್ನದರಲ್ಲಿ ಕೆಳಗೆ ನುಣ್ಣನೆ ಕಬ್ಬಿಣ. ಬಣ್ಣ ಸ್ವಾಮಿ, ಬರೀ ಬಣ್ಣ.

ಫಾರ್ಸಿ ಓದಬಲ್ಲ ಸ್ನೇಹಿತರೊಬ್ಬರಿಗೆ ಫೋಟೊ ಕಳಿಸಿದೆ. ಅವರು ಮೊದಲು ನೋಡಿದ್ದು ಇಸವಿ. ಟಿಪ್ಪು ತನ್ನದೇ ಮೌಲೂದಿ ಶಕ ಶುರು ಮಾಡಿದ ಮೇಲೆ ನಾಣ್ಯಗಳಲ್ಲಿ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ನನ್ನ ಕೋವಿಯಲ್ಲಿ ಮೌಲೂದಿ ಅಂತಲೇ ಕೆತ್ತಿದೆ, ಅಂಕಿ ಮಾತ್ರ ಎಡದಿಂದ ಬಲಕ್ಕೆ.

ಮಾರಿದವನಿಗೆ ಫೋನ್ ಮಾಡಿದೆ. "ಕೆತ್ತಿದೋನು ಓದು ಬರದೋನು ಸಾರ್, ಕೆಲಸ ನೋಡಿ, ಅಂಕಿ ಯಾಕೆ ನೋಡ್ತೀರಾ" ಅಂದ. ಚಿನ್ನ ಉದುರುತ್ತಿದೆ ಅಂದರೆ, "ಇನ್ನೂರು ವರ್ಷದ್ದು ಉದುರದೆ ಇರತ್ತಾ?" ಅಂದ. ದುಡ್ಡು ವಾಪಸ್ ಕೊಡಿ ಅಂದೆ ನೋಡಿ, ದನಿಯೇ ಬದಲಾಯಿತು. "ಬಿಲ್ ಓದಿ. ಗೋಡೆ ಅಲಂಕಾರದ ಸಾಮಾನು ಅಂತಿದೆ." ಬಿಲ್ ತೆಗೆದು ನೋಡಿದರೆ ನಿಜವಾಗಿಯೂ ಹಾಗೇ ಬರೆದಿದೆ! ಹಣ ಎಣಿಸಿಕೊಳ್ಳುವವರೆಗೂ ಸುಲ್ತಾನರ ಕೋವಿ, ಆಮೇಲೆ ಗೋಡೆ ಅಲಂಕಾರ. ಪೊಲೀಸರಿಗೆ ಹೇಳುತ್ತೇನೆ ಅಂದೆ. "ಹೇಳಿ ಸಾರ್, ಲೈಸೆನ್ಸ್ ಇಲ್ದೆ ಕೋವಿ ಇಟ್ಕೊಂಡಿದ್ದು ಯಾರು ಅಂತ ಅವರೇ ಕೇಳ್ತಾರೆ" ಅಂದ. ನನ್ನ ಮೈ ಉರಿದುಹೋಯಿತು.

ಆಮೇಲೆ ವಿಚಾರಿಸಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ, ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದ ಹಳೇ ಆಯುಧಕ್ಕೆ ವಿನಾಯಿತಿ ಇದೆ. ರಿಪೇರಿ ಮಾಡಿದರೆ ಹಾರುತ್ತದೆ ಅಂದರೆ ಆ ವಿನಾಯಿತಿ ಇಲ್ಲ. ಅವನ ವಿಷಯಕ್ಕೆ ಬಂದರೆ, ನೂರು ವರ್ಷ ದಾಟಿದ ಇಂಥ ವಸ್ತು ಮಾರುವ ವ್ಯಾಪಾರ ಮಾಡೋಕೆ 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ ಲೈಸೆನ್ಸ್ ಬೇಕು. ಮೊದಲೇ ಅದನ್ನು ಕೇಳಿ. "ಅದೆಲ್ಲ ಮ್ಯೂಸಿಯಂನವರಿಗೆ" ಅಂದರೆ ಎದ್ದು ಬನ್ನಿ. ಬಿಲ್‌ನಲ್ಲಿ ಏನು ಬರೆಯುತ್ತಾನೆ ಅಂತ ದುಡ್ಡು ಕೊಡುವ ಮೊದಲು ಓದಿ, ದಯವಿಟ್ಟು ಓದಿ. ಒಂದು ಸ್ಕ್ರೂ ಬಿಚ್ಚಿಸಿ ನೋಡಿ. ಕೈಯಲ್ಲಿ ಮಾಡಿದ ಹಳೇ ಸ್ಕ್ರೂಗಳು ಒಂದರ ಹಾಗೆ ಇನ್ನೊಂದು ಇರಲ್ಲ. ನನ್ನದರಲ್ಲಿ ಎಲ್ಲವೂ ಅಚ್ಚಲ್ಲಿ ಹೊಯ್ದ ಹಾಗೆ ಒಂದೇ ತರ. ಬಿಚ್ಚೋಕೆ ಬಿಡದಿದ್ದರೆ ತಗೊಳ್ಳಲೇಬೇಡಿ.

ಇಸವಿ ಒಂದನ್ನೇ ನಂಬಿ ಕೂರಬೇಡಿ. ಅಂಕಿ ಯಾವ ಕಡೆಯಿಂದ ಬರೀಬೇಕು ಅಂತ ಜಗಳದಲ್ಲಿ ನಾನೇ ಬಿಡಿಸಿ ಹೇಳಿದ್ದೆ. ಈಗ ಅವನು ಇನ್ನೊಂದು ಕೋವಿಯ ಫೋಟೊ ಹರಿಯಬಿಟ್ಟಿದ್ದಾನೆ. ಅದೇ ಹುಲಿ ತಲೆ, ಅದೇ ಬಳ್ಳಿ. ಅಂಕಿ ಮಾತ್ರ ಸರಿಯಾಗಿ ಬಲದಿಂದ ಎಡಕ್ಕಿದೆ.